ಷಾರ್ಲೊಟ್ ಫಾನ್ ಸೀಬೋಲ್ಡ್

ಷಾರ್ಲೊಟ್ ಹೈಡೆನ್‌ರೈಕ್ ಫಾನ್ ಸೀಬೋಲ್ಡ್ (12 ಸೆಪ್ಟೆಂಬರ್ 1788 – 8 ಜುಲೈ 1859) ಜರ್ಮನಿಯ ಪ್ರಸೂತಿ ತಜ್ಞೆ. ಪೂರ್ಣ ಹೆಸರು ಮರಿಯಾನೆ ಥಿಯೋಡೋರೆ ಷಾರ್ಲೊಟ್. ಸೂಲಗಿತ್ತಿಯ ವಿದ್ಯೆಯನ್ನು ವಿಶ್ವವಿದ್ಯಾಲಯದ ಪ್ರಾಧ್ಯಾಪಕರ ಬಳಿ ಕಲಿತು, ಸರ್ಕಾರಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, 1817ರಲ್ಲಿ ಗೀಸೆನ್ ವಿಶ್ವವಿದ್ಯಾಲಯದಿಂದ ಪ್ರಸೂತಿಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ಈ ವಿಷಯದಲ್ಲಿ ಪ್ರಬಂಧ ಮಂಡಿಸಿ, ಅದನ್ನು ಸಮರ್ಥಿಸಿ ಪದವಿ ಗಳಿಸಿದ ಮೊದಲ ಜರ್ಮನ್ ಮಹಿಳೆ ಎಂದು ಇವರನ್ನು ಪರಿಗಣಿಸಲಾಗಿದೆ. 1819ರಲ್ಲಿ, ಮೂರು ತಿಂಗಳ ಅಂತರದಲ್ಲಿ, ಮುಂದೆ ಬ್ರಿಟನ್ನಿನ ರಾಣಿಯಾದ ವಿಕ್ಟೋರಿಯಾ ಹಾಗೂ ಆಕೆಯ ಪತಿಯಾದ ರಾಜಕುಮಾರ ಆಲ್ಬರ್ಟ್ ಇಬ್ಬರ ಜನನ ಕಾಲದಲ್ಲೂ ಹೆರಿಗೆ ಮಾಡಿಸಿದವರು ಇವರೇ.

ಹಿನ್ನೆಲೆ

ಯುರೋಪಿನಲ್ಲಿ ಶತಮಾನಗಳ ಕಾಲ ಹೆರಿಗೆ ಮಾಡಿಸುವುದು ಹೆಂಗಸರ ಕೆಲಸವಾಗಿತ್ತು. ಹಿರಿಯ ಸೂಲಗಿತ್ತಿಯ ಜೊತೆ ವರ್ಷಗಟ್ಟಲೆ ಮನೆಮನೆಗೆ ಹೋಗಿ ಕೈಯಿಂದ ಕೈಗೆ ವಿದ್ಯೆ ಕಲಿಯುವುದು ರೂಢಿ. ಜರ್ಮನ್ ನಗರಗಳು ಈ ವೃತ್ತಿಗೆ ಬೇಗನೆ ಕಟ್ಟಳೆಗಳನ್ನು ರೂಪಿಸಿದವು. 1452ರ ರೇಗೆನ್ಸ್‌ಬರ್ಗ್ ನಗರದ ಸೂಲಗಿತ್ತಿಯರ ನಿಯಮಾವಳಿ ಇವುಗಳಲ್ಲಿ ಅತ್ಯಂತ ಹಳೆಯದೆಂದು ಹೆಸರಾಗಿದೆ. ಸೂಲಗಿತ್ತಿಯರು ಪ್ರಮಾಣವಚನ ಸ್ವೀಕರಿಸಿ, ಬಡವಿ ಬಲ್ಲಿದೆ ಎಂಬ ಭೇದವಿಲ್ಲದೆ ಕರೆ ಬಂದಲ್ಲಿಗೆ ಹೋಗಬೇಕಿತ್ತು. 1690ರಲ್ಲಿ ಯುಸ್ಟೀನೆ ಸೀಗೆಮುಂಡ್ ಎಂಬ ಅನುಭವಿ ಸೂಲಗಿತ್ತಿ ತಮ್ಮ ವಿದ್ಯೆಯನ್ನು ಪ್ರಶ್ನೋತ್ತರ ರೂಪದಲ್ಲಿ ಪುಸ್ತಕವಾಗಿ ಪ್ರಕಟಿಸಿದರು.

18ನೆಯ ಶತಮಾನದಲ್ಲಿ ಈ ಚಿತ್ರ ಬದಲಾಯಿತು. ಹೆರಿಗೆಯ ಇಕ್ಕಳದ ಬಳಕೆ ಹರಡಿದಂತೆ ವೈದ್ಯರು ಪ್ರಸೂತಿಯನ್ನು ತಮ್ಮ ಶಾಸ್ತ್ರದ ಅಂಗವೆಂದು ಭಾವಿಸತೊಡಗಿದರು. 1728ರಲ್ಲಿ ಸ್ಟ್ರಾಸ್‌ಬರ್ಗ್ ನಗರದಲ್ಲಿ ಯೋಹಾನ್ ಯಾಕೋಬ್ ಫ್ರೀಡ್ ಪ್ರಸೂತಿ ವಿದ್ಯೆಯ ಶಾಲೆಯನ್ನು ಆರಂಭಿಸಿದರು. ಅವರ ಶಿಷ್ಯ ರೋಡರರ್ 1751ರಲ್ಲಿ ಗೊಟ್ಟಿಂಗನ್ ವಿಶ್ವವಿದ್ಯಾಲಯಕ್ಕೆ ಬಂದು, ಅಲ್ಲಿ ವಿಶ್ವವಿದ್ಯಾಲಯಕ್ಕೆ ಸೇರಿದ ಹೆರಿಗೆ ಆಸ್ಪತ್ರೆಯನ್ನು ನಡೆಸಿದರು. ವೈದ್ಯ ವಿದ್ಯಾರ್ಥಿಗಳಿಗೂ ಸೂಲಗಿತ್ತಿಯರಾಗಬಯಸುವ ಸ್ತ್ರೀಯರಿಗೂ ಅಲ್ಲಿ ಪಾಠ ನಡೆಯುತ್ತಿತ್ತು. ಆದರೆ ಇಬ್ಬರೂ ಕಲಿಯುತ್ತಿದ್ದುದು ಒಂದೇ ವಿದ್ಯೆಯನ್ನಲ್ಲ. ಸೂಲಗಿತ್ತಿಗೆ ಸಹಜ ಹೆರಿಗೆಯ ಪಾಠ; ಉಪಕರಣಗಳ ಪ್ರಯೋಗ ಮತ್ತು ಕಠಿಣ ಪ್ರಸಂಗಗಳ ನಿರ್ವಹಣೆ ವೈದ್ಯನಿಗೆ ಮೀಸಲು. ಹೆರಿಗೆ ಕಷ್ಟವಾದೊಡನೆ ಆಕೆ ಹಿಂದೆ ಸರಿದು ವೈದ್ಯನನ್ನು ಕರೆಸಬೇಕಿತ್ತು. ವಿಶ್ವವಿದ್ಯಾಲಯದ ಪದವಿಗೆ ಸ್ತ್ರೀಯರಿಗೆ ಪ್ರವೇಶವಿಲ್ಲದ್ದರಿಂದ ಈ ಗೆರೆಯನ್ನು ದಾಟಲು ಅವರಿಗೆ ದಾರಿಯೇ ಇರಲಿಲ್ಲ. ಷಾರ್ಲೊಟ್ ಅವರ ಜೀವನದ ಮಹತ್ವವಿರುವುದು ಈ ಗೆರೆಯನ್ನು ಪರೀಕ್ಷೆಯ ಮೂಲಕ ದಾಟಿದುದರಲ್ಲಿ.

ಬಾಲ್ಯ ಮತ್ತು ಕುಟುಂಬ

ಷಾರ್ಲೊಟ್ ಮಧ್ಯ ಜರ್ಮನಿಯ ಐಕ್ಸ್‌ಫೆಲ್ಡ್ ಪ್ರಾಂತ್ಯದ ಹೈಲಿಗೆನ್‌ಸ್ಟಾಟ್ ಎಂಬ ಪಟ್ಟಣದಲ್ಲಿ ಜನಿಸಿದರು. ಆ ಪ್ರದೇಶ ಆಗ ಮೈನ್ಸ್ ಸಂಸ್ಥಾನದ ಆಡಳಿತಕ್ಕೆ ಸೇರಿತ್ತು. ತಂದೆ ಗಿಯೋರ್ಗ್ ಹೈಲಾಂಡ್ ಸರ್ಕಾರಿ ಅಧಿಕಾರಿಯಾಗಿದ್ದರು. ತಾಯಿ ರೆಗೀನಾ ಯೋಸೆಫಾ (1771–1849). ಹೈಲಾಂಡ್ ಅವರು ಷಾರ್ಲೊಟ್ ಚಿಕ್ಕವಳಾಗಿದ್ದಾಗಲೇ ತೀರಿಕೊಂಡರು. ವಿಧವೆಯಾದ ಯೋಸೆಫಾ 1795ರಲ್ಲಿ ವೈದ್ಯ ಡಾಮಿಯಾನ್ ಫಾನ್ ಸೀಬೋಲ್ಡ್ (1768–1828) ಅವರನ್ನು ಮದುವೆಯಾದರು. ಡಾಮಿಯಾನ್ ಪತ್ನಿಯ ಮೊದಲ ಮದುವೆಯ ಮಗಳನ್ನು ದತ್ತು ಪಡೆದರು. ಹೀಗೆ ಷಾರ್ಲೊಟ್ ಹೆಸರಿಗೆ ಸೀಬೋಲ್ಡ್ ಎಂಬುದು ಸೇರಿತು.

ಸೀಬೋಲ್ಡರದು ವೂರ್ಟ್ಸ್‌ಬರ್ಗ್ ನಗರದ ಹೆಸರಾಂತ ವೈದ್ಯ ಮನೆತನ. ಡಾಮಿಯಾನ್ ಅವರ ತಂದೆ ಕಾರ್ಲ್ ಕಾಸ್ಪರ್ ಫಾನ್ ಸೀಬೋಲ್ಡ್ ಪ್ರಸಿದ್ಧ ಶಸ್ತ್ರವೈದ್ಯರು. ತಮ್ಮ ಎಲಿಯಾಸ್ ಫಾನ್ ಸೀಬೋಲ್ಡ್ ಪ್ರಸೂತಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು; ಮೊದಲು ವೂರ್ಟ್ಸ್‌ಬರ್ಗಿನಲ್ಲಿ, 1816ರಿಂದ ಬರ್ಲಿನ್ನಿನಲ್ಲಿ ಬೋಧಿಸಿದರು. ಕುಟುಂಬವು ಕಾಲಕ್ರಮದಲ್ಲಿ ಹೆಸ್ಸೆ ಸಂಸ್ಥಾನದ ರಾಜಧಾನಿ ಡಾರ್ಮ್‌ಸ್ಟಾಟ್ ನಗರದಲ್ಲಿ ನೆಲೆಸಿತು. ಡಾಮಿಯಾನ್ ಅಲ್ಲಿ ವೈದ್ಯವೃತ್ತಿ ನಡೆಸುತ್ತಿದ್ದರು.

ತಾಯಿಯ ವ್ಯಾಸಂಗ

ಷಾರ್ಲೊಟ್ ಅವರ ವಿದ್ಯಾಭ್ಯಾಸಕ್ಕೆ ದಾರಿ ಮಾಡಿದವರು ಅವರ ತಾಯಿ. ಯೋಸೆಫಾ ಮೊದಲು ಪತಿಯ ವೃತ್ತಿಗೆ ನೆರವಾಗುತ್ತ ಪ್ರಸೂತಿಯ ಪಾಠಗಳನ್ನು ಅವರಿಂದಲೇ ಕಲಿತರು. ನಂತರ, ಮಕ್ಕಳಿರುವ ಗೃಹಿಣಿಯಾಗಿದ್ದರೂ, ವೂರ್ಟ್ಸ್‌ಬರ್ಗಿಗೆ ತೆರಳಿ ಮೈದುನ ಎಲಿಯಾಸ್ ಅವರ ಬಳಿ ವ್ಯಾಸಂಗ ಮಾಡಿದರು. 1807ರಲ್ಲಿ ಡಾರ್ಮ್‌ಸ್ಟಾಟ್‌ನ ವೈದ್ಯಕೀಯ ಮಂಡಳಿಯ ಮುಂದೆ ಪರೀಕ್ಷೆಗೆ ಹಾಜರಾಗಿ, ಪ್ರಸೂತಿ ವೃತ್ತಿ ನಡೆಸಲು ಮತ್ತು ಸಿಡುಬಿನ ವಿರುದ್ಧ ಗೋಸಿಡುಬಿನ ಲಸಿಕೆ ಹಾಕಲು ಅನುಮತಿ ಪಡೆದರು. ಎಡ್ವರ್ಡ್ ಜೆನ್ನರ್ ತಮ್ಮ ಲಸಿಕೆಯ ಶೋಧವನ್ನು ಪ್ರಕಟಿಸಿ ಆಗ ಹತ್ತು ವರ್ಷವೂ ಕಳೆದಿರಲಿಲ್ಲ.

ಯೋಸೆಫಾ ಡಾರ್ಮ್‌ಸ್ಟಾಟ್‌ನಲ್ಲಿ ಶ್ರೀಮಂತರಿಗೂ ಬಡವರಿಗೂ ಬೇಕಾದ ಪ್ರಸೂತಿ ತಜ್ಞೆಯಾದರು. 1815ರಲ್ಲಿ ಗೀಸೆನ್ ವಿಶ್ವವಿದ್ಯಾಲಯವು ಅವರಿಗೆ ಪ್ರಸೂತಿಶಾಸ್ತ್ರದ ಗೌರವ ಡಾಕ್ಟರೇಟ್ ನೀಡಿತು. ಸ್ತ್ರೀಯೊಬ್ಬಳ ವೃತ್ತಿ ಕೌಶಲವನ್ನು ವಿಶ್ವವಿದ್ಯಾಲಯವೊಂದು ಹೀಗೆ ಮಾನ್ಯ ಮಾಡಿದುದು ಅಂದಿಗೆ ಅಪೂರ್ವವಾದ ಸಂಗತಿ. ಆದರೆ ಅದು ಗೌರವ ಪದವಿ; ಮಾಡಿದ ಕೆಲಸಕ್ಕೆ ಸಂದ ಮನ್ನಣೆ. ಅಧ್ಯಯನ, ಪ್ರಬಂಧ ಮತ್ತು ಸಾರ್ವಜನಿಕ ಸಮರ್ಥನೆಯ ದಾರಿಯಲ್ಲಿ ಅದೇ ಪದವಿಗೆ ಬರುವುದು ಮಗಳ ಪಾಲಿಗೆ ಬಂತು.

ಗೊಟ್ಟಿಂಗನ್‌ನಲ್ಲಿ ವ್ಯಾಸಂಗ

ಷಾರ್ಲೊಟ್ ಮೊದಲ ಪಾಠಗಳನ್ನು ತಂದೆತಾಯಿಯರಿಂದಲೇ ಕಲಿತು, ತಾಯಿಯ ಸಹಾಯಕಿಯಾಗಿ ದುಡಿದರು. ಮನೆಯಲ್ಲಿ ಕಲಿತ ವಿದ್ಯೆಗೆ ಶಾಸ್ತ್ರದ ಆಧಾರ ಬೇಕೆಂದು 1811ರಲ್ಲಿ ಗೊಟ್ಟಿಂಗನ್‌ಗೆ ತೆರಳಿದರು. ಆಗ ಅವರಿಗೆ 23 ವರ್ಷ. ನೆಪೋಲಿಯನ್ನನ ತಮ್ಮ ಜೆರೋಮ್ ಆಳುತ್ತಿದ್ದ ವೆಸ್ಟ್‌ಫೇಲಿಯಾ ರಾಜ್ಯಕ್ಕೆ ಆ ಊರು ಸೇರಿದ್ದ ಕಾಲವದು.

ವಿಶ್ವವಿದ್ಯಾಲಯದ ದಾಖಲಾತಿ ಪುಸ್ತಕದಲ್ಲಿ ಸ್ತ್ರೀಯರ ಹೆಸರಿಗೆ ಅವಕಾಶವಿರಲಿಲ್ಲ. ಆದ್ದರಿಂದ ಷಾರ್ಲೊಟ್ ಪ್ರಾಧ್ಯಾಪಕರಿಂದ ಖಾಸಗಿಯಾಗಿ ಪಾಠ ಹೇಳಿಸಿಕೊಂಡರು. ಪ್ರಸೂತಿಶಾಸ್ತ್ರಕ್ಕೆ ಫ್ರೀಡ್ರಿಕ್ ಬೆಂಜಮಿನ್ ಓಸಿಯಾಂಡರ್ (1759–1822) ಗುರುಗಳು. ಅಂಗರಚನಾಶಾಸ್ತ್ರ ಮತ್ತು ಶಸ್ತ್ರವೈದ್ಯದಲ್ಲಿ ಹೆಸರಾಗಿದ್ದ ಕೊನ್ರಾಡ್ ಯೋಹಾನ್ ಮಾರ್ಟಿನ್ ಲಾಂಗೆನ್‌ಬೆಕ್ ಅವರ ಬಳಿಯೂ ಅಧ್ಯಯನ ನಡೆಯಿತು.

ಓಸಿಯಾಂಡರ್ 1792ರಿಂದ ಗೊಟ್ಟಿಂಗನ್‌ನ ಹೆರಿಗೆ ಆಸ್ಪತ್ರೆಯ ಮುಖ್ಯಸ್ಥರಾಗಿದ್ದರು. ಅಲ್ಲಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಬಡವರು, ಮದುವೆಯಾಗದೆ ಗರ್ಭಿಣಿಯರಾದ ಮನೆಗೆಲಸದ ಹೆಣ್ಣುಮಕ್ಕಳು. ಆಸ್ಪತ್ರೆಯಲ್ಲಿ ಉಚಿತವಾಗಿ ಆಶ್ರಯ ಮತ್ತು ಆರೈಕೆ ದೊರೆಯುತ್ತಿತ್ತು. ಅದಕ್ಕೆ ಪ್ರತಿಯಾಗಿ ಅವರು ವಿದ್ಯಾರ್ಥಿಗಳ ಕಲಿಕೆಗೆ ತಮ್ಮ ದೇಹವನ್ನು ಒಡ್ಡಿಕೊಳ್ಳಬೇಕಿತ್ತು. ಹೆರಿಗೆಗೆ ಮುನ್ನ ವಿದ್ಯಾರ್ಥಿಗಳು ಪ್ರಸೂತಿ ಬೊಂಬೆಯ ಮೇಲೆ ಅಭ್ಯಾಸ ಮಾಡುತ್ತಿದ್ದರು. ಓಸಿಯಾಂಡರ್ ಇಕ್ಕಳದ ಬಳಕೆಯಲ್ಲಿ ಅತಿ ಉತ್ಸಾಹಿ. ಅವರ ಅಧಿಕಾರಾವಧಿಯಲ್ಲಿ ಆ ಆಸ್ಪತ್ರೆಯ ಹೆರಿಗೆಗಳ ಪೈಕಿ ಸುಮಾರು ಶೇಕಡಾ 40ರಷ್ಟು ಇಕ್ಕಳದ ಮೂಲಕ ನಡೆದವು. ಅದೇ ಕಾಲದಲ್ಲಿ ವಿಯೆನ್ನಾ ನಗರದ ಲೂಕಾಸ್ ಯೋಹಾನ್ ಬೋಯರ್ ಇದಕ್ಕೆ ತೀರ ವಿರುದ್ಧವಾದ ಮತವನ್ನು ಪ್ರತಿಪಾದಿಸುತ್ತಿದ್ದರು. ಪ್ರಕೃತಿಯೇ ಹೆರಿಗೆಯನ್ನು ಮುಗಿಸಲು ಬಿಡಬೇಕು, ಅನಿವಾರ್ಯವಾದಾಗ ಮಾತ್ರ ಉಪಕರಣ ಬಳಸಬೇಕು ಎಂಬುದು ಅವರ ನಿಲುವು. ಯಾವಾಗ ಕಾಯಬೇಕು, ಯಾವಾಗ ಕೈಹಾಕಬೇಕು ಎಂಬುದು ಅಂದಿನ ಪ್ರಸೂತಿಶಾಸ್ತ್ರದ ದೊಡ್ಡ ವಾದವಾಗಿತ್ತು. ತಾಯಿ ಮಗುವಿನ ಪ್ರಾಣ ಇದರ ಮೇಲೆ ನಿಂತಿದ್ದರೂ, ಈ ವಾದದಲ್ಲಿ ಪಾಲ್ಗೊಳ್ಳುವ ಅಧಿಕಾರ ಸಾಮಾನ್ಯ ಸೂಲಗಿತ್ತಿಗೆ ಇರಲಿಲ್ಲ. ಗೊಟ್ಟಿಂಗನ್‌ನ ವ್ಯಾಸಂಗದಿಂದ ಷಾರ್ಲೊಟ್ ಅವರಿಗೆ ವೈದ್ಯರ ಶಾಸ್ತ್ರದ ಪರಿಚಯವಾಯಿತು.

ಪರೀಕ್ಷೆ ಮತ್ತು ವೃತ್ತಿಯ ಆರಂಭ

ಡಾರ್ಮ್‌ಸ್ಟಾಟ್‌ಗೆ ಹಿಂದಿರುಗಿದ ಷಾರ್ಲೊಟ್ 1814ರಲ್ಲಿ ಅಲ್ಲಿನ ವೈದ್ಯಕೀಯ ಮಂಡಳಿಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ವೃತ್ತಿಯ ಅನುಮತಿ ಪಡೆದರು. ಅಲ್ಲಿಂದ ಮುಂದೆ ತಂದೆತಾಯಿಯರ ಜೊತೆಗೂಡಿ ಕೆಲಸ ಮಾಡಿದರು. ಒಂದೇ ಮನೆಯಲ್ಲಿ ವೈದ್ಯ ಪತಿ, ಪರೀಕ್ಷೆ ಪಾಸಾದ ಪತ್ನಿ, ಪರೀಕ್ಷೆ ಪಾಸಾದ ಮಗಳು ಮೂವರೂ ಪ್ರಸೂತಿ ವೃತ್ತಿಯಲ್ಲಿದ್ದ ಉದಾಹರಣೆ ಅಂದಿನ ಕಾಲದಲ್ಲಿ ವಿರಳ.

ಅಂದಿನ ಹೆರಿಗೆಗಳು ಬಹುಪಾಲು ಮನೆಗಳಲ್ಲೇ ನಡೆಯುತ್ತಿದ್ದವು. ಅರಿವಳಿಕೆ ಇರಲಿಲ್ಲ, ಸೋಂಕಿನ ಕಾರಣವೂ ತಿಳಿದಿರಲಿಲ್ಲ. ಮಗು ಅಡ್ಡಲಾಗಿದ್ದರೆ ಒಳಗೆ ಕೈಹಾಕಿ ತಿರುಗಿಸುವುದು, ಮಾಸು ತಾನಾಗಿ ಬೀಳದಿದ್ದರೆ ಅದನ್ನು ಬಿಡಿಸುವುದು, ರಕ್ತಸ್ರಾವವನ್ನು ತಡೆಯುವುದು ಎಲ್ಲವೂ ಬೆರಳುಗಳ ಸ್ಪರ್ಶಜ್ಞಾನದಿಂದಲೇ ಆಗಬೇಕಿತ್ತು. ಸಿಸೇರಿಯನ್ ಶಸ್ತ್ರಚಿಕಿತ್ಸೆಯಲ್ಲಿ ತಾಯಿ ಬದುಕುಳಿಯುವುದು ಅಪರೂಪವಾಗಿತ್ತು. ಇಂಥ ಸನ್ನಿವೇಶದಲ್ಲಿ ಕಠಿಣ ಹೆರಿಗೆಯನ್ನೂ ತಾನೇ ನಿರ್ವಹಿಸುವಷ್ಟು ಶಿಕ್ಷಣ ಪಡೆದ ಸ್ತ್ರೀ, ವೈದ್ಯನಿಗಾಗಿ ಕಾಯುವುದರಲ್ಲಿ ಕಳೆದುಹೋಗುತ್ತಿದ್ದ ಸಮಯವನ್ನು ಉಳಿಸಬಲ್ಲವಳಾಗಿದ್ದಳು. ಪರಪುರುಷನ ಮುಂದೆ ದೇಹ ತೋರಿಸಲು ಸಂಕೋಚಪಡುವ ಗರ್ಭಿಣಿಯರಿಗೂ ಇದರಿಂದ ಅನುಕೂಲವಾಯಿತು.

ಡಾಕ್ಟರೇಟ್ ಪದವಿ

ಗೀಸೆನ್ ವಿಶ್ವವಿದ್ಯಾಲಯ 1607ರಲ್ಲಿ ಸ್ಥಾಪನೆಯಾದ, ಹೆಸ್ಸೆ ಸಂಸ್ಥಾನಕ್ಕೆ ಸೇರಿದ ವಿದ್ಯಾಕೇಂದ್ರ. 1817ರ ಮಾರ್ಚ್ ತಿಂಗಳಲ್ಲಿ ಷಾರ್ಲೊಟ್ ಅಲ್ಲಿ ತಮ್ಮ ವಾದಗಳನ್ನು ಸಾರ್ವಜನಿಕವಾಗಿ ಸಮರ್ಥಿಸಿ ಪ್ರಸೂತಿಶಾಸ್ತ್ರದ ಡಾಕ್ಟರೇಟ್ ಪಡೆದರು. ಆಗ ಅವರ ವಯಸ್ಸು 28.

ಅವರ ಪ್ರಬಂಧದ ವಿಷಯ ಗರ್ಭಕೋಶದ ಹೊರಗೆ ಬೆಳೆಯುವ ಗರ್ಭ, ಅದರಲ್ಲೂ ಮುಖ್ಯವಾಗಿ ಉದರಕುಹರದಲ್ಲಿ ಬೆಳೆಯುವ ಗರ್ಭ. ಸಾಮಾನ್ಯವಾಗಿ ಫಲಿತ ಅಂಡವು ಗರ್ಭಕೋಶದ ಒಳಗೋಡೆಗೆ ಅಂಟಿಕೊಂಡು ಬೆಳೆಯುತ್ತದೆ. ಕೆಲವೊಮ್ಮೆ ಅದು ಗರ್ಭನಾಳದಲ್ಲೋ, ಅತಿ ವಿರಳವಾಗಿ ಹೊಟ್ಟೆಯೊಳಗಿನ ಇತರ ಭಾಗದಲ್ಲೋ ನೆಲೆಗೊಳ್ಳುತ್ತದೆ. ಗರ್ಭನಾಳ ಒಡೆದರೆ ಒಳಗೇ ರಕ್ತ ಸುರಿದು ತಾಯಿ ಕೆಲವೇ ಗಂಟೆಗಳಲ್ಲಿ ಸಾಯಬಹುದು. ಉದರದಲ್ಲಿ ಬೆಳೆದ ಗರ್ಭ ತಿಂಗಳುಗಟ್ಟಲೆ ಬದುಕಿರಬಹುದಾದರೂ ಅದು ಸಹಜ ಮಾರ್ಗದಲ್ಲಿ ಹೊರಬರಲಾರದು. ಇಂದು ಸ್ಕ್ಯಾನಿಂಗ್ ಮತ್ತು ರಕ್ತಪರೀಕ್ಷೆಯಿಂದ ಇಂಥ ಸ್ಥಿತಿಯನ್ನು ಆರಂಭದಲ್ಲೇ ಗುರುತಿಸಬಹುದು. 1817ರಲ್ಲಿ ಇದ್ದ ಸಾಧನಗಳೆಂದರೆ ಗರ್ಭಿಣಿಯ ಮಾತು, ಹೊಟ್ಟೆಯ ಮೇಲಿನ ಕೈ, ಒಳಪರೀಕ್ಷೆ ಮತ್ತು ಮರಣಾನಂತರದ ಶವಪರೀಕ್ಷೆ. ಒಡೆದ ಗರ್ಭನಾಳವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದು ತಾಯಿಯನ್ನು ಉಳಿಸುವ ಕೆಲಸ ಇಂಗ್ಲೆಂಡಿನ ಲಾಸನ್ ಟೇಟ್ ಅವರಿಂದ ಯಶಸ್ವಿಯಾದದ್ದು 1883ರಲ್ಲಿ, ಅಂದರೆ ಈ ಪ್ರಬಂಧ ಬಂದ 66 ವರ್ಷಗಳ ನಂತರ.

ವಿಷಯದ ಆಯ್ಕೆ ಗಮನಾರ್ಹವಾದುದು. ಸಹಜ ಹೆರಿಗೆಯು ಸೂಲಗಿತ್ತಿಯ ಕ್ಷೇತ್ರವಾದರೆ, ಗರ್ಭಕೋಶದ ಹೊರಗಿನ ಗರ್ಭ ಆ ಕ್ಷೇತ್ರದಿಂದ ತೀರ ದೂರದ್ದು. ಅದರ ಬಗ್ಗೆ ಬರೆಯಲು ಅಂಗರಚನೆಯ ಜ್ಞಾನ, ರೋಗನಿರ್ಣಯದ ತರ್ಕ, ಹಿಂದಿನ ಬರಹಗಳ ಪರಿಚಯ ಮೂರೂ ಬೇಕು. ವೈದ್ಯರಿಗೆ ಮಾತ್ರ ಮೀಸಲಾಗಿದ್ದ ವಿಷಯವನ್ನೇ ಷಾರ್ಲೊಟ್ ತಮ್ಮ ಪದವಿಗೆ ಆರಿಸಿಕೊಂಡರು.

ಪದವಿಯ ಸ್ವರೂಪ ಮತ್ತು ಮಿತಿ

ಷಾರ್ಲೊಟ್ ಅವರಿಗಿಂತ ಮೊದಲು ಜರ್ಮನಿಯಲ್ಲಿ ಡೊರೊಥಿಯಾ ಎರ್ಕ್ಸ್‌ಲೇಬೆನ್ ಎಂಬ ಮಹಿಳೆ 1754ರಲ್ಲಿ ಹಾಲೆ ವಿಶ್ವವಿದ್ಯಾಲಯದಿಂದ ವೈದ್ಯಶಾಸ್ತ್ರದ ಡಾಕ್ಟರೇಟ್ ಪಡೆದಿದ್ದರು. ಅದಕ್ಕೆ ಪ್ರಷ್ಯಾದ ದೊರೆ ಎರಡನೆಯ ಫ್ರೆಡರಿಕ್ ವಿಶೇಷ ಅನುಮತಿ ನೀಡಿದ್ದನು. ಷಾರ್ಲೊಟ್ ಅವರ ಪದವಿ ಪ್ರಸೂತಿಶಾಸ್ತ್ರಕ್ಕೆ ಸೀಮಿತವಾಗಿತ್ತು. ಸಮಗ್ರ ವೈದ್ಯಶಾಸ್ತ್ರದ ಪದವಿಯಾಗಿರಲಿಲ್ಲ.

ಈ ಎರಡೂ ಪದವಿಗಳು ಇತರ ಸ್ತ್ರೀಯರಿಗೆ ಬಾಗಿಲು ತೆರೆಯಲಿಲ್ಲ. ಎರಡೂ ಪ್ರಸಂಗಗಳಲ್ಲಿ ವೈದ್ಯ ಕುಟುಂಬದ ಬೆಂಬಲವಿತ್ತು, ಮನೆಯಲ್ಲೇ ಕಲಿಯುವ ಅವಕಾಶವಿತ್ತು. ಇಂಥ ಆಸರೆಯಿಲ್ಲದ ಸೂಲಗಿತ್ತಿಗೆ ವಿಶ್ವವಿದ್ಯಾಲಯದ ಪದವಿಯ ದಾರಿ ಮುಚ್ಚಿಯೇ ಇತ್ತು. 1867ರಲ್ಲಿ ರಷ್ಯಾದ ನಾದೆಷ್ದಾ ಸುಸ್ಲೋವಾ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಡಾಕ್ಟರೇಟ್ ಪಡೆಯುವ ಹೊತ್ತಿಗೆ ಷಾರ್ಲೊಟ್ ಅವರ ಪದವಿಗೆ 50 ವರ್ಷ ತುಂಬಿತ್ತು. ಜರ್ಮನ್ ವಿಶ್ವವಿದ್ಯಾಲಯಗಳು ಸ್ತ್ರೀಯರಿಗೆ ನಿಯಮಿತ ಪ್ರವೇಶ ನೀಡಲು ಇನ್ನೂ ಹೆಚ್ಚು ಕಾಲ ಹಿಡಿಯಿತು. ಬಾಡೆನ್ ಪ್ರಾಂತ್ಯ 1900ರಲ್ಲಿ, ಪ್ರಷ್ಯಾ 1908ರಲ್ಲಿ ಈ ನಿರ್ಧಾರ ಕೈಗೊಂಡವು.

ವಿಕ್ಟೋರಿಯಾಳ ಜನನ

1817ರ ನವೆಂಬರ್ ತಿಂಗಳಲ್ಲಿ ಬ್ರಿಟನ್ನಿನ ಸಿಂಹಾಸನದ ಉತ್ತರಾಧಿಕಾರಿಣಿಯಾಗಬೇಕಿದ್ದ ರಾಜಕುಮಾರಿ ಷಾರ್ಲೆಟ್ ಆಗಸ್ಟಾ ಹೆರಿಗೆಯಲ್ಲಿ ತೀರಿಕೊಂಡಳು. ಸುಮಾರು 50 ಗಂಟೆಗಳ ಪ್ರಸವವೇದನೆಯ ನಂತರ ಗಂಡುಮಗು ಸತ್ತೇ ಹುಟ್ಟಿತು. ಕೆಲವೇ ಗಂಟೆಗಳಲ್ಲಿ ತಾಯಿಯೂ ಮರಣ ಹೊಂದಿದಳು. ಆ ಹೆರಿಗೆಯ ಹೊಣೆ ಹೊತ್ತಿದ್ದ ವೈದ್ಯ ಸರ್ ರಿಚರ್ಡ್ ಕ್ರಾಫ್ಟ್ ಇಕ್ಕಳ ಬಳಸದೆ ಕಾದಿದ್ದರು. ತೀವ್ರ ಟೀಕೆಗೆ ಗುರಿಯಾದ ಅವರು ಮರುವರ್ಷ ಆತ್ಮಹತ್ಯೆ ಮಾಡಿಕೊಂಡರು. ದೊರೆ ಮೂರನೆಯ ಜಾರ್ಜನಿಗೆ ನ್ಯಾಯಸಮ್ಮತವಾದ ಬೇರೆ ಮೊಮ್ಮಕ್ಕಳಿರಲಿಲ್ಲ. ರಾಜವಂಶ ಮುಂದುವರಿಯಬೇಕಾದರೆ ಅವನ ಮಕ್ಕಳು ಬೇಗನೆ ಮದುವೆಯಾಗಬೇಕಾಯಿತು.

ಜಾರ್ಜನ ನಾಲ್ಕನೆಯ ಮಗನಾದ ಕೆಂಟ್ ಡ್ಯೂಕ್ ಎಡ್ವರ್ಡ್ 1818ರಲ್ಲಿ ಜರ್ಮನಿಯ ಸಾಕ್ಸ್-ಕೋಬರ್ಗ್ ಮನೆತನದ ವಿಕ್ಟೋರಿಯಾಳನ್ನು ವರಿಸಿದನು. ಆಕೆ ವಿಧವೆಯಾಗಿದ್ದು, ಮೊದಲ ಮದುವೆಯಲ್ಲಿ ಇಬ್ಬರು ಮಕ್ಕಳನ್ನು ಹೆತ್ತವಳು. ಹೆರಿಗೆಯಲ್ಲಿ ತೀರಿಕೊಂಡ ರಾಜಕುಮಾರಿಯ ಪತಿ ಲಿಯೋಪೋಲ್ಡ್ ಈಕೆಯ ಸ್ವಂತ ತಮ್ಮ. ದಂಪತಿಗಳು ಜರ್ಮನಿಯ ಅಮೋರ್‌ಬಾಕ್ ಎಂಬಲ್ಲಿ ನೆಲೆಸಿದ್ದಾಗ ಡಚೆಸ್ ಗರ್ಭಿಣಿಯಾದಳು. ಮಗು ಇಂಗ್ಲೆಂಡಿನ ನೆಲದಲ್ಲೇ ಹುಟ್ಟಬೇಕೆಂದು ಡ್ಯೂಕ್ ಬಯಸಿದ್ದರಿಂದ 1819ರ ವಸಂತದಲ್ಲಿ, ಹೆರಿಗೆಗೆ ಎರಡು ತಿಂಗಳಿಗಿಂತ ಕಡಿಮೆ ಇರುವಾಗ, ಅವರ ಪರಿವಾರ ಕುದುರೆಗಾಡಿಗಳಲ್ಲಿ ಯುರೋಪನ್ನು ಹಾದು ಹೊರಟಿತು. ದಾರಿಯಲ್ಲೇ ಹೆರಿಗೆಯಾದರೆ ನಿಭಾಯಿಸಲು ಅರ್ಹರೊಬ್ಬರು ಜೊತೆಗಿರಬೇಕಿತ್ತು. ಆ ಹೊಣೆ ಷಾರ್ಲೊಟ್ ಅವರಿಗೆ ಬಂತು.

ಪ್ರಯಾಣ ಸುರಕ್ಷಿತವಾಗಿ ಮುಗಿಯಿತು. 1819ರ ಮೇ 24ರಂದು ಬೆಳಗಿನ ಜಾವ ನಾಲ್ಕೂಕಾಲು ಗಂಟೆಗೆ ಲಂಡನ್ನಿನ ಕೆನ್ಸಿಂಗ್ಟನ್ ಅರಮನೆಯಲ್ಲಿ ಹೆಣ್ಣುಮಗು ಜನಿಸಿತು. ರಾಜಮನೆತನದ ಸಂಪ್ರದಾಯದಂತೆ ವೆಲಿಂಗ್ಟನ್ ಡ್ಯೂಕ್, ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಮೊದಲಾದ ಗಣ್ಯರು ಸಾಕ್ಷಿಗಳಾಗಿ ಪಕ್ಕದ ಕೋಣೆಯಲ್ಲಿ ಕಾದಿದ್ದರು. ವೈದ್ಯ ಡೇವಿಡ್ ಡೇವಿಸ್ ಸಹ ಉಪಸ್ಥಿತರಿದ್ದರು. ಹೆರಿಗೆ ಮಾಡಿಸಿದವರು ಷಾರ್ಲೊಟ್. ಇಂಗ್ಲೆಂಡಿನ ಶ್ರೀಮಂತ ವರ್ಗದಲ್ಲಿ ಪುರುಷ ವೈದ್ಯರಿಂದ ಹೆರಿಗೆ ಮಾಡಿಸಿಕೊಳ್ಳುವುದು ರೂಢಿಯಾಗಿದ್ದ ಕಾಲದಲ್ಲಿ, ಸಿಂಹಾಸನಕ್ಕೆ ಹತ್ತಿರವಾದ ಶಿಶುವನ್ನು ಜಗತ್ತಿಗೆ ತಂದ ಕೈ ಪದವೀಧರ ಸ್ತ್ರೀಯದಾಗಿತ್ತು. ಡಚೆಸ್ ಆರೋಗ್ಯವಾಗಿದ್ದು ಮಗುವಿಗೆ ತಾನೇ ಹಾಲೂಡಿಸಿದಳು. ಅದೂ ಅಂದಿನ ರಾಜಮನೆತನಗಳಲ್ಲಿ ಸಾಮಾನ್ಯ ಪದ್ಧತಿಯಾಗಿರಲಿಲ್ಲ. ಕೆಲವು ವಾರಗಳ ನಂತರ ಮಗುವಿಗೆ ಸಿಡುಬಿನ ಲಸಿಕೆ ಹಾಕಲಾಯಿತು.

ಆಲ್ಬರ್ಟನ ಜನನ

ಲಂಡನ್ನಿನಿಂದ ಜರ್ಮನಿಗೆ ಮರಳಿದ ಷಾರ್ಲೊಟ್ ಅವರಿಗೆ ಅದೇ ಬೇಸಿಗೆಯಲ್ಲಿ ಕೋಬರ್ಗ್ ಮನೆತನದ ಇನ್ನೊಂದು ಹೆರಿಗೆಯ ಹೊಣೆ ಕಾದಿತ್ತು. ಡಚೆಸ್‌ಳ ಅಣ್ಣ ಡ್ಯೂಕ್ ಅರ್ನ್‌ಸ್ಟ್‌ನ ಪತ್ನಿ ಲೂಯಿಸೆ, ಕೋಬರ್ಗ್ ನಗರದ ಸಮೀಪದ ರೋಸೆನೌ ಅರಮನೆಯಲ್ಲಿ 1819ರ ಆಗಸ್ಟ್ 26ರಂದು ಗಂಡುಮಗುವಿಗೆ ಜನ್ಮ ನೀಡಿದಳು. ಶಿಶುವಿನ ಅಜ್ಜಿ ಲಂಡನ್ನಿನಲ್ಲಿದ್ದ ಮಗಳಿಗೆ ಬರೆದ ಪತ್ರದ ಪ್ರಕಾರ, ಷಾರ್ಲೊಟ್ ಅವರನ್ನು ಕರೆಸಿದ್ದು ನಸುಕಿನ ಮೂರು ಗಂಟೆಗೆ. ಆರು ಗಂಟೆಗೆ ಮಗುವಿನ ಮೊದಲ ಅಳು ಕೇಳಿಸಿತು. ಈ ಮಗುವೇ ಆಲ್ಬರ್ಟ್.

ಸೋದರ ಸಂಬಂಧಿಗಳಾದ ವಿಕ್ಟೋರಿಯಾ ಮತ್ತು ಆಲ್ಬರ್ಟ್ 1840ರ ಫೆಬ್ರವರಿ 10ರಂದು ಮದುವೆಯಾದರು. ಅವರಿಗೆ ಒಂಬತ್ತು ಮಕ್ಕಳು. ಷಾರ್ಲೊಟ್ ಅವರ ಹೆಸರು ಇಂಗ್ಲಿಷ್ ಚರಿತ್ರೆಗಳಲ್ಲಿ ಬಹುಮಟ್ಟಿಗೆ ಈ ಎರಡು ಜನನಗಳ ಸಂದರ್ಭದಲ್ಲಿ ಮಾತ್ರ ಕಾಣಿಸಿಕೊಳ್ಳುತ್ತದೆ; ಅವರ ವ್ಯಾಸಂಗ ಮತ್ತು ಪದವಿಯ ವಿಚಾರ ಅಲ್ಲಿ ಹಿಂದೆ ಸರಿದಿದೆ.

ನಂತರದ ಜೀವನ

ರಾಜಮನೆತನಗಳ ಕರೆಗಳಿಂದ ಷಾರ್ಲೊಟ್ ಅವರ ಖ್ಯಾತಿ ಹೆಚ್ಚಿತು. ಆದರೂ ಅವರು ಡಾರ್ಮ್‌ಸ್ಟಾಟ್‌ನಲ್ಲೇ ನೆಲೆಸಿ, ಬಡ ಗರ್ಭಿಣಿಯರಿಗೂ ಸೇವೆ ಸಲ್ಲಿಸುವುದನ್ನು ಮುಂದುವರಿಸಿದರು. 1828ರಲ್ಲಿ ಡಾಮಿಯಾನ್ ನಿಧನರಾದರು. 1829ರಲ್ಲಿ, ತಮ್ಮ 40ನೆಯ ವಯಸ್ಸಿನ ಹೊತ್ತಿಗೆ, ಷಾರ್ಲೊಟ್ ಸೇನಾ ವೈದ್ಯ ಆಗಸ್ಟ್ ಹೈಡೆನ್‌ರೈಕ್ ಅವರನ್ನು ಮದುವೆಯಾದರು. ಮದುವೆಯ ನಂತರವೂ ವೃತ್ತಿಯನ್ನು ಬಿಡಲಿಲ್ಲ. ತಾಯಿ ಯೋಸೆಫಾ 1849ರಲ್ಲಿ ತೀರಿಕೊಂಡರು.

ಷಾರ್ಲೊಟ್ ಅವರ ಜೀವಿತದ ಕೊನೆಯ ದಶಕಗಳಲ್ಲಿ ಪ್ರಸೂತಿಶಾಸ್ತ್ರ ವೇಗವಾಗಿ ಬದಲಾಯಿತು. 1847ರಲ್ಲಿ ಎಡಿನ್‌ಬರೋ ನಗರದ ಜೇಮ್ಸ್ ಯಂಗ್ ಸಿಂಪ್ಸನ್ ಹೆರಿಗೆಯ ನೋವಿಗೆ ಕ್ಲೋರೋಫಾರ್ಮ್ ಬಳಸಿದರು. 1853ರಲ್ಲಿ ರಾಣಿ ವಿಕ್ಟೋರಿಯಾ ತನ್ನ ಎಂಟನೆಯ ಮಗುವಿನ ಹೆರಿಗೆಯಲ್ಲಿ ಅದನ್ನು ಸ್ವೀಕರಿಸಿದ ಮೇಲೆ ಅದಕ್ಕಿದ್ದ ವಿರೋಧ ಕಡಿಮೆಯಾಯಿತು. ಅದೇ 1847ರಲ್ಲಿ ವಿಯೆನ್ನಾದ ಆಸ್ಪತ್ರೆಯಲ್ಲಿ ಇಗ್ನಾಸ್ ಸೆಮ್ಮೆಲ್‌ವೈಸ್ ಒಂದು ಕಟುಸತ್ಯವನ್ನು ಕಂಡುಕೊಂಡರು. ಅಲ್ಲಿ ವೈದ್ಯ ವಿದ್ಯಾರ್ಥಿಗಳು ಹೆರಿಗೆ ಮಾಡಿಸುತ್ತಿದ್ದ ವಿಭಾಗದಲ್ಲಿ ಬಾಣಂತಿ ಜ್ವರದಿಂದ ಸಾಯುವವರ ಪ್ರಮಾಣ, ಸೂಲಗಿತ್ತಿ ವಿದ್ಯಾರ್ಥಿನಿಯರ ವಿಭಾಗಕ್ಕಿಂತ ಬಹಳ ಹೆಚ್ಚಾಗಿತ್ತು. ಶವಪರೀಕ್ಷೆಯ ಕೋಣೆಯಿಂದ ನೇರವಾಗಿ ಬರುತ್ತಿದ್ದ ವಿದ್ಯಾರ್ಥಿಗಳ ಕೈಗಳೇ ಅದಕ್ಕೆ ಕಾರಣವೆಂದು ತಿಳಿದ ಅವರು, ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯುವುದನ್ನು ಕಡ್ಡಾಯಗೊಳಿಸಿದರು, ಸಾವುಗಳು ಇಳಿದವು. ಶಾಸ್ತ್ರ ಹೆಚ್ಚು ಕಲಿತವರ ವಿಭಾಗದಲ್ಲೇ ಹೆಚ್ಚು ಸಾವು ಸಂಭವಿಸಿದ ಈ ಪ್ರಸಂಗವು, ವೈದ್ಯನ ಶಾಸ್ತ್ರ ಮೇಲು, ಸೂಲಗಿತ್ತಿಯ ಅನುಭವ ಕೀಳು ಎಂಬ ಸರಳ ತೀರ್ಮಾನಕ್ಕೆ ಎಡೆಯಿಲ್ಲವೆಂಬುದನ್ನು ತೋರಿಸುತ್ತದೆ.

1859ರ ಜುಲೈ 8ರಂದು ಷಾರ್ಲೊಟ್ ಡಾರ್ಮ್‌ಸ್ಟಾಟ್‌ನಲ್ಲಿ ನಿಧನರಾದರು. ಆಗ ಅವರಿಗೆ 70 ವರ್ಷ. ಬಡ ಬಾಣಂತಿಯರ ನೆರವಿಗಾಗಿ ಅವರ ಹೆಸರಿನಲ್ಲಿ ದತ್ತಿ ನಿಧಿಯೊಂದು ಸ್ಥಾಪನೆಯಾಯಿತು.

ಸೀಬೋಲ್ಡ್ ಮನೆತನದ ಇತರರು

ಎಲಿಯಾಸ್ ಅವರ ಮಗ ಎಡುವಾರ್ಡ್ ಫಾನ್ ಸೀಬೋಲ್ಡ್ (1801–1861) ಮುಂದೆ ಗೊಟ್ಟಿಂಗನ್‌ನಲ್ಲಿ ಪ್ರಸೂತಿಶಾಸ್ತ್ರದ ಪ್ರಾಧ್ಯಾಪಕರಾಗಿ, ಆ ಶಾಸ್ತ್ರದ ಇತಿಹಾಸವನ್ನು ಬರೆದರು. ಅದೇ ಮನೆತನದ ಫಿಲಿಪ್ ಫ್ರಾನ್ಸ್ ಫಾನ್ ಸೀಬೋಲ್ಡ್ (1796–1866) ಜಪಾನಿನ ನಾಗಸಾಕಿಯಲ್ಲಿ ವೈದ್ಯರಾಗಿದ್ದು, ಆ ದೇಶದ ಸಸ್ಯ ಹಾಗೂ ಪ್ರಾಣಿ ಸಂಪತ್ತನ್ನು ಯುರೋಪಿಗೆ ಪರಿಚಯಿಸಿದರು. ಅವರಿಗೆ ಜಪಾನಿ ಸಂಗಾತಿ ಕುಸುಮೊಟೊ ಟಾಕಿಯಲ್ಲಿ ಜನಿಸಿದ ಮಗಳು ಕುಸುಮೊಟೊ ಇನೆ (1827–1903). ಪಾಶ್ಚಾತ್ಯ ವೈದ್ಯವನ್ನು ಅಭ್ಯಾಸ ಮಾಡಿದ ಮೊದಲ ಜಪಾನಿ ಮಹಿಳೆ ಎಂದು ಆಕೆ ಪ್ರಸಿದ್ಧರು. ಪ್ರಸೂತಿಯೇ ಅವರ ಮುಖ್ಯ ಕ್ಷೇತ್ರ. 1873ರಲ್ಲಿ ಮೆಯಿಜಿ ಚಕ್ರವರ್ತಿಯ ಮಗುವಿನ ಹೆರಿಗೆಗೂ ಅವರನ್ನು ಕರೆಸಲಾಗಿತ್ತು. ಹೀಗೆ ಒಂದೇ ಮನೆತನದ ಹೆಸರಿಗೆ ಸೇರಿದ ಇಬ್ಬರು ಸ್ತ್ರೀಯರು, ಎರಡು ಖಂಡಗಳಲ್ಲಿ, ರಾಜಮನೆತನಗಳ ಹೆರಿಗೆಗೆ ನೇಮಕಗೊಂಡಿದ್ದರು.

ಮಹತ್ವ

ಷಾರ್ಲೊಟ್ ಅವರ ನಂತರ ಒಂದು ಶತಮಾನಕ್ಕೂ ಹೆಚ್ಚು ಕಾಲ ಸೂಲಗಿತ್ತಿಯ ಶಿಕ್ಷಣ ಜರ್ಮನಿಯಲ್ಲಿ ಪ್ರತ್ಯೇಕ ಶಾಲೆಗಳಲ್ಲಿ, ವಿಶ್ವವಿದ್ಯಾಲಯದ ಪದವಿಗಿಂತ ಕೆಳಗಿನ ಹಂತದಲ್ಲಿ ನಡೆಯಿತು. ಇಂದು ಜರ್ಮನಿ, ಬ್ರಿಟನ್ ಸೇರಿದಂತೆ ಹಲವು ದೇಶಗಳಲ್ಲಿ ಸೂಲಗಿತ್ತಿಯಾಗಲು ವಿಶ್ವವಿದ್ಯಾಲಯದ ಪದವಿ ವ್ಯಾಸಂಗ ಮಾಡಬೇಕು. ಜರ್ಮನಿಯಲ್ಲಿ ಈ ಬದಲಾವಣೆಯ ಕಾನೂನು 2020ರ ಜನವರಿಯಲ್ಲಿ ಜಾರಿಗೆ ಬಂತು. ತರಗತಿಯ ಪಾಠ ಮತ್ತು ಹೆರಿಗೆ ಕೋಣೆಯ ಅಭ್ಯಾಸ ಎರಡನ್ನೂ ಒಂದೇ ವ್ಯಾಸಂಗದಲ್ಲಿ ಕೂಡಿಸುವ ಈ ವ್ಯವಸ್ಥೆಯ ತಿರುಳು, ತಾಯಿಯ ಜೊತೆ ದುಡಿಯುತ್ತ ಪ್ರಾಧ್ಯಾಪಕರ ಬಳಿ ಓದಿದ ಷಾರ್ಲೊಟ್ ಅವರ ಕಲಿಕೆಯಲ್ಲಿ ಆಗಲೇ ಕಾಣಿಸುತ್ತದೆ.

ಭಾರತದ ಓದುಗರಿಗೆ ಈ ಜೀವನಚರಿತ್ರೆ ವಿಕ್ಟೋರಿಯಾಳ ಮೂಲಕ ಹತ್ತಿರವಾಗುತ್ತದೆ. ರಾಣಿಯ ಆಸಕ್ತಿಯಿಂದ 1885ರಲ್ಲಿ ಲೇಡಿ ಡಫರಿನ್ ಹೆಸರಿನ ನಿಧಿ ಸ್ಥಾಪನೆಯಾಗಿ, ಭಾರತದ ಸ್ತ್ರೀಯರಿಗೆ ಸ್ತ್ರೀ ವೈದ್ಯರ ಚಿಕಿತ್ಸೆ ದೊರಕಿಸುವುದು ಮತ್ತು ದಾದಿಯರಿಗೂ ಸೂಲಗಿತ್ತಿಯರಿಗೂ ತರಬೇತಿ ನೀಡುವುದು ಅದರ ಉದ್ದೇಶವಾಯಿತು. ಬೆಂಗಳೂರಿನಲ್ಲಿ 1900ರಲ್ಲಿ ಲಾರ್ಡ್ ಕರ್ಜನ್ ಉದ್ಘಾಟಿಸಿದ ವಿಕ್ಟೋರಿಯಾ ಆಸ್ಪತ್ರೆ ಆಕೆಯ ಹೆಸರನ್ನು ಹೊತ್ತಿದೆ. ನಗರದ ಪ್ರಮುಖ ಹೆರಿಗೆ ಆಸ್ಪತ್ರೆಯಾದ ವಾಣಿವಿಲಾಸ ಅದರ ನೆರೆಯಲ್ಲೇ ಇದೆ.

ಗೊಟ್ಟಿಂಗನ್ ವಿಶ್ವವಿದ್ಯಾಲಯದ ವೈದ್ಯಕೀಯ ವಿಭಾಗವು ಮಹಿಳಾ ವಿಜ್ಞಾನಿಗಳ ಸಂಶೋಧನೆಗೆ ನೆರವು ನೀಡುವ ಕಾರ್ಯಕ್ರಮಕ್ಕೆ ಹೈಡೆನ್‌ರೈಕ್ ಫಾನ್ ಸೀಬೋಲ್ಡ್ ಎಂಬ ಹೆಸರನ್ನಿಟ್ಟಿದೆ. 1811ರಲ್ಲಿ ಷಾರ್ಲೊಟ್ ಅವರಿಗೆ ವಿದ್ಯಾರ್ಥಿನಿಯಾಗಿ ಹೆಸರು ನೋಂದಾಯಿಸಲು ಅವಕಾಶವಿಲ್ಲದಿದ್ದ ವಿಶ್ವವಿದ್ಯಾಲಯ ಅದೇ.